ನಿಶ್ಶಬ್ದಕ್ಕೆ ಸಿಕ್ಕ ಅಂಕ

ಸೆಲ್ವಿಗೆ ಸಿಕ್ಕಿದ್ದು ಸುಮ್ಮನೆ ಕೂರುವ ಕೆಲಸ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ, ಇಪ್ಪತ್ತೊಂದು ದಿನ.

ಚಿನ್ನದ ಗಣಿಯ ಊರಾದ ಕೋರಮಂಡಲ್‌ನ ಹೊರಗೆ, ಗಣಿ ಮುಚ್ಚಿದ ಮೇಲೆ ಬಾಗಿಲು ಕಿಟಕಿಯನ್ನೆಲ್ಲ ಕಳ್ಳರಿಗೆ ಬಿಟ್ಟುಕೊಟ್ಟು ಬರೀ ಗೋಡೆ ಉಳಿಸಿಕೊಂಡಿದ್ದ ಒಂದು ಪಂಪ್‌ಹೌಸ್ ಇತ್ತು. ಅದರ ನೆಲದಲ್ಲಿ ಬೆಂಗಳೂರಿನ ಕಂಪನಿಯವರು ಊಟದ ಡಬ್ಬಿಯಷ್ಟು ಗಾತ್ರದ ಒಂದು ಯಂತ್ರವನ್ನು ಸಿಮೆಂಟು ಹಾಕಿ ಕೂರಿಸಿದ್ದರು. ನೆಲ ಎಷ್ಟು ಅದುರುತ್ತದೆ ಎಂದು ಅದು ಅಳೆಯುತ್ತಿತ್ತು. ಯಾಕೆ ಅದುರಿತು ಎಂದು ಹೇಳುವುದು ಅದಕ್ಕೆ ಗೊತ್ತಿರಲಿಲ್ಲ. ಅದನ್ನು ಹೇಳಲು ಒಬ್ಬ ಮನುಷ್ಯ ಬೇಕಿತ್ತು. ಸ್ವಲ್ಪ ದೂರದ ಬೇವಿನ ಮರದ ಕೆಳಗೆ ಕೂತು, ಕಂಡಿದ್ದು ಕೇಳಿದ್ದೆಲ್ಲವನ್ನೂ ಗಂಟೆ ನಿಮಿಷದ ಸಮೇತ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಯಾರನ್ನೂ ಹತ್ತಿರ ಬಿಡಬಾರದು. ತಾನೂ ಸುಮ್ಮಸುಮ್ಮನೆ ಓಡಾಡಬಾರದು.

ಕೆಲಸಕ್ಕೆ ಜನ ಹುಡುಕುವ ಹೊಣೆ ಹೊತ್ತಿದ್ದ ನರೇಶ್ ನೇರವಾಗಿ ಅವಳ ಮನೆಗೇ ಬಂದಿದ್ದ. ಅದೇ ಬೀದಿಯವನು, ಸರ್ವೆ ಕಂಪನಿಗಳಿಗೆ ಆಳು ಗಾಡಿ ಒದಗಿಸುವವನು.

"ಅಕ್ಕಾ, ಬೇರೆಯೋರನ್ನ ಕೂರ್ಸಿದ್ರೆ ಅವರ ಮಕ್ಕಳು ಬತ್ತಾರೆ, ನೆಂಟರು ಬತ್ತಾರೆ, ಒಂದು ದೊಡ್ಡ ಜಾತ್ರೆ ಆಗೋಯ್ತದೆ. ನಿನ್ನ ನೋಡಕ್ಕೆ ಯಾರೂ ಬರಲ್ಲ ಅಲ್ವಾ, ಅದಕ್ಕೇ ನಿನ್ನ ಹೆಸರು ಏಳ್ದೆ" ಎಂದಿದ್ದ.

ಅವನು ನೋಯಿಸಬೇಕೆಂದು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ್ದ. ಸೆಲ್ವಿಗೆ ನಲವತ್ತಾರು. ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆದರೆ ಅವಳು ಒಂಟಿಯಾದದ್ದು ಆಗ ಅಲ್ಲ, ಕೆ.ಆರ್. ಪುರದ ಹತ್ತಿರದ ಗಾರ್ಮೆಂಟ್ಸ್ ಮುಚ್ಚಿದಾಗ. ಇಪ್ಪತ್ತೆರಡು ವರ್ಷ ಮುಂಜಾನೆಯ ರೈಲಿನಲ್ಲಿ, ಒಂದೇ ಬೋಗಿಯಲ್ಲಿ, ಅದೇ ಹನ್ನೊಂದು ಹೆಂಗಸರ ಜೊತೆ ಹೋಗಿ ಬಂದಿದ್ದಳು. ರೈಲಿನಲ್ಲೇ ಹೂವು ಕಟ್ಟಿದ್ದರು, ಸೊಪ್ಪು ಬಿಡಿಸಿದ್ದರು, ಸೀಮಂತವನ್ನೂ ಮಾಡಿದ್ದರು. ಕೆಲಸ ಹೋದ ಮೇಲೆ ಒಬ್ಬೊಬ್ಬರು ಒಂದೊಂದು ದಿಕ್ಕು ಹಿಡಿದರು. ಮೊದಮೊದಲು ದಿನಾ ಫೋನು, ಆಮೇಲೆ ವಾರಕ್ಕೊಂದು, ಆಮೇಲೆ ಹಬ್ಬಕ್ಕೊಂದು ಹೂವಿನ ಚಿತ್ರ. ರೈಲು ಇಲ್ಲದೆ ಆ ಸ್ನೇಹಕ್ಕೆ ನೆಲವೇ ಇರಲಿಲ್ಲ ಎಂದು ಸೆಲ್ವಿಗೆ ಅರ್ಥವಾಗಲು ಎರಡು ವರ್ಷ ಹಿಡಿಯಿತು.

ಮೊದಲ ದಿನ ಕೆಲಸ ಹೇಳಿಕೊಡಲು ಅರ್ಚನ ಬಂದಳು. ಮೂವತ್ತು ದಾಟಿರದ ಹುಡುಗಿ, ಆ ಕಂಪನಿಯಲ್ಲಿ ವರದಿ ಬರೆಯುವವಳು. ಪಂಪ್‌ಹೌಸಿನ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಉತ್ತರ ಕೊಟ್ಟಳು.

"ಕ್ವಾಂಟಮ್ ಕಂಪ್ಯೂಟರ್ ಅಂತ ಬರ್ತಾ ಇದೆ ಅಕ್ಕ. ಮಾಮೂಲಿ ಕಂಪ್ಯೂಟರ್ ವರ್ಷಗಟ್ಟಲೆ ಮಾಡೋ ಕೆಲವು ಲೆಕ್ಕಾನ ಇದು ಬೇಗ ಮಾಡಬಹುದು ಅಂತಾರೆ. ಆದ್ರೆ ತುಂಬ ನಾಜೂಕು. ಸ್ವಲ್ಪ ಬಿಸಿಯಾದ್ರೂ, ನೆಲ ಸ್ವಲ್ಪ ಅದುರಿದ್ರೂ ಮಾಡ್ತಾ ಇದ್ದಿದ್ದನ್ನ ಮರೆತುಬಿಡುತ್ತೆ. ಅಂಥದ್ದನ್ನ ಮಾಡಿ ಪರೀಕ್ಷೆ ಮಾಡೋ ದೊಡ್ಡ ಲ್ಯಾಬು ಎಲ್ಲಿ ಕಟ್ಟಬೇಕು ಅಂತ ನೋಡ್ತಾ ಇದ್ದಾರೆ. ದುಡ್ಡು ಹಾಕೋರು ಹೊರದೇಶದವರು."

"ಇಲ್ಲಿ ಕಟ್ತಾರಾಮ್ಮ?"

"ಐದು ಜಾಗ ಇದೆ. ಬೆಂಗಳೂರಿನ ಏರ್‌ಪೋರ್ಟ್ ಹತ್ತಿರ ಒಂದು, ಆಂಧ್ರದಲ್ಲಿ ಎರಡು, ಹೊಸೂರಿನ ಕಡೆ ಒಂದು, ಇದು ಐದನೇದು."

ಅವಳು ಪರದೆಯನ್ನು ಸೆಲ್ವಿಯ ಕಡೆ ತಿರುಗಿಸಿದಳು. ಐದು ಊರು, ಹತ್ತು ಕಾಲಮ್ಮು. ಕರೆಂಟು, ನೀರು, ರಸ್ತೆ, ವಿಮಾನ, ಸರ್ಕಾರ ಕೊಡುವ ರಿಯಾಯಿತಿ, ಸುತ್ತಮುತ್ತ ಇರುವ ವಿಜ್ಞಾನಿಗಳು, ಕಾಲೇಜುಗಳು, ಈಗಾಗಲೇ ಬಂದಿರುವ ಬಂಡವಾಳ, ಜಮೀನು, ನಿಶ್ಶಬ್ದ, ಅಂದರೆ ನೆಲ ಅದುರದಿರುವುದು. ಒಂದೊಂದಕ್ಕೂ ಹತ್ತರಲ್ಲಿ ಇಷ್ಟು ಎಂದು ಅಂಕ. ಸೆಲ್ವಿ ತನ್ನ ಊರಿನ ಸಾಲಿನ ಮೇಲೆ ಬೆರಳಾಡಿಸಿದಳು. ಎರಡು, ಮೂರು, ಎರಡು, ಒಂದು. ಫೇಲಾದ ಹುಡುಗನ ಮಾರ್ಕ್ಸ್ ಕಾರ್ಡಿನ ಹಾಗಿತ್ತು. ಜಮೀನಿನಲ್ಲಿ ಮಾತ್ರ ಒಂಬತ್ತು. ನಿಶ್ಶಬ್ದದ ಚೌಕ ಖಾಲಿ.

"ಬಂಡವಾಳ ಯಾಕಮ್ಮ ಸೊನ್ನೆ? ಇಲ್ಲಿಂದ ಅಷ್ಟು ಚಿನ್ನ ಹೋಗಿದೆಯಲ್ಲ?"

ಅರ್ಚನ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. "ಹೋಗಿದ್ದಕ್ಕೆ ಕಾಲಮ್ ಇಲ್ಲ ಅಕ್ಕ, ಬಂದಿದ್ದಕ್ಕೆ ಮಾತ್ರ" ಎಂದಳು. "ಆದ್ರೆ ನಿಶ್ಶಬ್ದಕ್ಕೆ ಎರಡರಷ್ಟು ತೂಕ ಇದೆ. ಇಲ್ಲಿ ಫ್ಯಾಕ್ಟರಿ ಇಲ್ಲ, ಮೆಟ್ರೋ ಇಲ್ಲ, ಹೈವೇ ಇಲ್ಲ. ಅದರಲ್ಲಿ ಹತ್ತು ಬಂದ್ರೆ ಎರಡನೇ ಸ್ಥಾನಕ್ಕೆ ಬರುತ್ತೆ. ಮೊದಲ ಎರಡು ಜಾಗಕ್ಕೆ ಮಾತ್ರ ಅವರು ಬಂದು ನೋಡೋದು."

ಏನೂ ಇಲ್ಲದಿರುವುದಕ್ಕೂ ಅಂಕ ಕೊಡುತ್ತಾರೆಂದು ಸೆಲ್ವಿಗೆ ಅವತ್ತೇ ಗೊತ್ತಾದದ್ದು.

ದಿನಗಳು ಹೋದವು. ಪುಟ ತುಂಬುವಷ್ಟು ಬರೆಯಲು ಏನೂ ಇರುತ್ತಿರಲಿಲ್ಲ. ೮.೫೦, ಬಂಗಾರಪೇಟೆ ಕಡೆ ರೈಲು, ದೂರ. ೧೧.೧೫, ಬೈಕು, ದೂರ. ೧.೩೦, ಗಾಳಿ. ಉಳಿದ ಹೊತ್ತು ಬಿಸಿಲು, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ಗುಡ್ಡದ ಬೂದುಬಣ್ಣ, ಆಗೊಮ್ಮೆ ಈಗೊಮ್ಮೆ ಹದ್ದು. ಸಂಜೆ ಮನೆಗೆ ಹೋದರೆ ಅಲ್ಲೂ ಇದೇ. ಎರಡು ದಿನ ಯಾರೊಂದಿಗೂ ಮಾತಾಡಿಯೇ ಇಲ್ಲವೆಂದು ಅವಳಿಗೆ ಹೊಳೆದದ್ದು ಅಂಗಡಿಯಲ್ಲಿ ಉಪ್ಪು ಕೇಳಲು ಬಾಯಿ ತೆರೆದಾಗ. ದನಿ ಕಟ್ಟಿಕೊಂಡು ಹೊರಡಲೇ ಇಲ್ಲ. ಅಂಗಡಿಯವನು "ಶೀತ ಆಗಿದೆಯಾಮ್ಮ?" ಎಂದ. ಹೂಂ ಎಂದು ತಲೆಯಾಡಿಸಿ ಬಂದಳು.

ಆರನೆಯ ದಿನ ಅಮ್ಮಾಜಮ್ಮ ಬಂದಳು. ಕ್ಯಾಸಂಬಳ್ಳಿ ಕಡೆಯವಳು, ಮಗಳನ್ನು ಕೊಟ್ಟ ಮನೆಯಲ್ಲಿದ್ದುಕೊಂಡು ಮೂರು ಹಸು ಮೇಯಿಸುತ್ತಿದ್ದ ಹೆಂಗಸು. ಈ ಬಯಲಿನಲ್ಲೇ ಅವಳ ಹಸು ಮೇಯುತ್ತಿದ್ದದ್ದು. ಸೆಲ್ವಿ ಎದ್ದು ಎರಡು ಕೈಯನ್ನೂ ಅಡ್ಡ ಆಡಿಸಿದಳು.

"ಈ ಕಡೆ ಬರ್ಬೇಡಮ್ಮಾ, ನೆಲ ಅದುರುತ್ತೆ!"

"ಅಸ ನಡೆದ್ರೆ ನೆಲ ಅದುರ್ತದಾ? ಏನಮ್ಮಾ ಸೆಲ್ವಿ, ನಿಂಗೇನ್ ಬಂತು?" ಅಮ್ಮಾಜಮ್ಮ ನಿಂತಲ್ಲೇ ನಕ್ಕಳು. ಕೈಯಲ್ಲಿ ಚೊಂಬು ಇತ್ತು. "ಮಜ್ಜಿಗೆ ತಂದೀನಿ. ಒಬ್ಳೇ ಕೂತಿದ್ದೀಯ ಅಂತ ನರೇಶ ಏಳ್ದ. ಕುಡ್ಕೊಂಡು ಎರಡು ಮಾತಾಡನ ಬಾ."

ಎರಡು ಮಾತು! ಸೆಲ್ವಿಗೆ ಅವಳ ಹತ್ತಿರ ಓಡಿಹೋಗಬೇಕೆನ್ನಿಸಿತು. ಆದರೆ ಮೂರು ಹಸು ಆಗಲೇ ಪಂಪ್‌ಹೌಸಿನ ಕಡೆ ತಿರುಗಿದ್ದವು. "ಇಪ್ಪತ್ತೊಂದು ದಿನ ಆಗ್ಲಿ ಅಮ್ಮಾ, ಆಮೇಲೆ ನಾನೇ ಬರ್ತೀನಿ. ಈಗ ಓಡಿಸ್ಕೊಂಡು ಹೋಗು" ಎಂದಳು.

ಅಮ್ಮಾಜಮ್ಮನ ಮುಖ ಇಳಿಯಿತು. "ಓಗ್ಲಿ ಬಿಡು. ದೊಡ್ಡೋರ ಕೆಲ್ಸ" ಎಂದು ಚೊಂಬಿನ ಸಮೇತ ಹಿಂತಿರುಗಿದಳು. ಸೆಲ್ವಿ ಬರೆದಳು: ೧೦.೨೦, ಹಸು ಮೂರು, ಹೆಂಗಸು ಒಬ್ಬರು. ಕಳಿಸಿದೆ.

ಹದಿನಾಲ್ಕನೆಯ ದಿನ ಮಧ್ಯಾಹ್ನ ಎರಡೂ ನಲವತ್ತಕ್ಕೆ ಅದು ಬಂತು. ಮೊದಲು ಶಬ್ದವಲ್ಲ. ಬೇವಿನ ಮರದಲ್ಲಿದ್ದ ಹಕ್ಕಿಗಳೆಲ್ಲ ಒಟ್ಟಿಗೇ ಎದ್ದವು. ಆಮೇಲೆ ಪಾತಾಳದಲ್ಲಿ ಯಾರೋ ಬೀರುವನ್ನು ಕೆಡವಿದ ಹಾಗೆ ಒಂದೇ ಒಂದು ದಡ್. ಕುರ್ಚಿಯ ಕಾಲು ನಡುಗಿ ಅಂಗಾಲಿಗೆ ಜುಮ್ಮೆಂದಿತು. ಗೋಡೆಯಿಂದ ಹಿಡಿಯಷ್ಟು ಗಾರೆ ಉದುರಿತು. ಮತ್ತೆ ಎಲ್ಲ ಮೊದಲಿನಂತಾಯಿತು.

ಏನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಮೈಲುಗಟ್ಟಲೆ ಕೊರೆದುಬಿಟ್ಟ ಆಳದಲ್ಲಿ ಬಂಡೆ ತನ್ನ ಭಾರ ತಾಳದೆ ಸಿಡಿಯುವುದು. ಗಣಿಯವರು ಅದನ್ನು ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ಅವಳು ಚಿಕ್ಕವಳಿದ್ದಾಗ ಅದು ಆದರೆ ಬೀದಿಯ ಹೆಂಗಸರೆಲ್ಲ ಒಲೆ ಬಿಟ್ಟು ಹೊರಗೆ ಬಂದು, ಅಪಘಾತದ ಸೈರನ್ ಕೂಗುತ್ತದೋ ಇಲ್ಲವೋ ಎಂದು ಕಿವಿಗೊಟ್ಟು ನಿಲ್ಲುತ್ತಿದ್ದರು. ಗಣಿ ಮುಚ್ಚಿ ನೀರು ತುಂಬಿದ ಮೇಲೆ ಅಪರೂಪವಾಗಿತ್ತು. ಪೂರ್ತಿ ನಿಂತಿರಲಿಲ್ಲ.

ಸೆಲ್ವಿ ಗಂಟೆ ಬರೆದಳು. ಮುಂದೆ ಪೆನ್ನು ಓಡಲಿಲ್ಲ.

ಐದಕ್ಕೆ ನರೇಶ್ ಬೈಕಿನಲ್ಲಿ ಬಂದು ದೂರದಲ್ಲೇ ನಿಲ್ಲಿಸಿ ನಡೆದುಬಂದ. ಅವನಿಗೂ ಅದುರಿದ್ದು ಗೊತ್ತಾಗಿತ್ತು.

"ಏನ್ ಬರ್ದೆ ಅಕ್ಕಾ?"

"ಇನ್ನೂ ಬರ್ದಿಲ್ಲ."

"ಲಾರಿ ಅಂತ ಬರಿ. ಲಾರಿ ಆದ್ರೆ ರಸ್ತೆ ಬೇರೆ ಕಡೆ ತಿರುಗುಸ್ತಾರೆ, ಅದನ್ನ ಲೆಕ್ಕಕ್ಕೆ ತಗಳಲ್ಲ. ನಾನು ಕೇಳಿದ್ದೀನಿ." ಅವನು ಕುಕ್ಕುರುಗಾಲಲ್ಲಿ ಕೂತ. "ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯ್ತು ಅಕ್ಕಾ, ಯಾವನಾದ್ರೂ ಈ ಊರಿಗೆ ಏನಾದ್ರೂ ತಂದವ್ನಾ? ಆ ಲ್ಯಾಬು ಬಂದ್ರೆ ಕ್ಯಾಂಟೀನಿಗೆ, ಗಾಡಿಗೆ, ತೋಟಕ್ಕೆ ಎಲ್ಲಾದಕ್ಕೂ ಜನ ಬೇಕು. ನಾಲ್ಕು ಗಂಟೆಗೆ ಎದ್ದು ರೈಲಿಗೆ ಓಡೋದು ತಪ್ತದೆ. ಒಂದು ಪದ ಅಕ್ಕಾ. ಒಂದೇ ಪದ."

"ನೋಡ್ತೀನಿ ಹೋಗಪ್ಪ."

ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಸೆಲ್ವಿ ನೋಟ್‌ಬುಕ್ಕನ್ನು ಮಡಿಲಲ್ಲಿಟ್ಟುಕೊಂಡು ಹೊತ್ತು ಇಳಿಯುವವರೆಗೆ ಕೂತಳು. ಗಾರ್ಮೆಂಟ್ಸಿನಲ್ಲಿ ಅವಳದು ಚೆಕಿಂಗ್. ದಿನಕ್ಕೆ ಆರುನೂರು ಶರ್ಟು ಕೈಯಿಂದ ಹಾದುಹೋಗುತ್ತಿದ್ದವು. ಕಾಲರಿನ ಹೊಲಿಗೆ ಒಂದು ನೂಲು ಜಾರಿದ್ದರೂ ಕೆಂಪು ಸ್ಟಿಕ್ಕರ್. ಹೊಲಿದವಳು ರೈಲಿನ ಗೆಳತಿಯೇ ಆಗಿದ್ದರೂ ಅಷ್ಟೇ. ಆ ಗೆಳತಿಯರಲ್ಲೊಬ್ಬಳಾದ ಆಶಾರಾಣಿ ಅದಕ್ಕೇ ಒಂದು ಸಲ ಎರಡು ವಾರ ಮಾತು ಬಿಟ್ಟಿದ್ದಳು. ಆಗಲೂ ಸೆಲ್ವಿಗೆ ಬೇರೆ ಥರ ಮಾಡಲು ಬಂದಿರಲಿಲ್ಲ. ನಾಳೆ ಆ ನಾಜೂಕಿನ ಯಂತ್ರವನ್ನು ಇಲ್ಲಿ ತಂದಿಟ್ಟು, ಅದು ಮತ್ತೆ ಮತ್ತೆ ಎಲ್ಲ ಮರೆತು, ಬಂದವರು ಗಂಟು ಕಟ್ಟಿಕೊಂಡು ಹೋದರೆ? ಈ ಊರಿಗೆ ಇನ್ನೊಂದು ಸಲ ಮುಚ್ಚಿಸಿಕೊಳ್ಳುವ ಶಕ್ತಿ ಇದೆಯೇ?

ಅವಳು ಬರೆದಳು: ೨.೪೦, ಭೂಮಿಯ ಒಳಗಿಂದ. ಏರ್‌ಬ್ಲಾಸ್ಟ್. ಲಾರಿ ಅಲ್ಲ.

ಹದಿನೆಂಟನೆಯ ದಿನ ಇನ್ನೊಂದು ಆಯಿತು, ಮೊದಲಿನದಕ್ಕಿಂತ ಚಿಕ್ಕದು. ಅದನ್ನೂ ಬರೆದಳು.

ಯಂತ್ರ ಕೀಳಲು ಬಂದ ಅರ್ಚನ ಮರದ ಕೆಳಗೆ ನಿಂತೇ ನೋಟ್‌ಬುಕ್ ಓದಿದಳು. ಹದಿನಾಲ್ಕನೆಯ ದಿನದ ಪುಟವನ್ನು ಎರಡು ಸಲ ಓದಿದಳು.

"ಏರ್‌ಬ್ಲಾಸ್ಟ್ ವಿಷಯ ಹಳೇ ವರದೀಲಿ ಇತ್ತು. ನೀರು ತುಂಬಿದ ಮೇಲೆ ನಿಂತಿದೆ ಅಂದ್ಕೊಂಡಿದ್ವಿ" ಎಂದಳು ಅರ್ಚನ. "ಯಂತ್ರದಲ್ಲಿ ಎರಡು ಗೆರೆ ಎದ್ದಿರೋದು ಆಫೀಸಿನಲ್ಲೇ ನೋಡಿದ್ದೆ. ನೀವು ಲಾರಿ ಅಂತ ಬರೆದಿದ್ರೆ ನಾನು ಅಳಿಸಿಬಿಡ್ತಿದ್ದೆ ಅಕ್ಕ. ಅಳಿಸೋಕೆ ನನಗೂ ಮನಸ್ಸಿತ್ತು."

"ಈಗ ಎಷ್ಟು ಬರುತ್ತಮ್ಮ?"

"ನಿಶ್ಶಬ್ದಕ್ಕೆ ನಾಲ್ಕು. ಐದನೇ ಸ್ಥಾನ."

ಅವಳು ಕೈಕುಲುಕಿ ಹೋದಳು. ಪಂಪ್‌ಹೌಸಿನ ನೆಲದಲ್ಲಿ ಸಿಮೆಂಟಿನ ಒಂದು ಗುಂಡಿ ಉಳಿಯಿತು.

ಎರಡು ತಿಂಗಳ ಮೇಲೆ ಪೇಪರಿನಲ್ಲಿ ಬಂತು. ಲ್ಯಾಬು ಏರ್‌ಪೋರ್ಟಿನ ಪಕ್ಕಕ್ಕೆ. ಅಲ್ಲಿ ನಿಶ್ಶಬ್ದಕ್ಕೆ ಐದೇ ಅಂಕ ಬಂದಿತ್ತಂತೆ. ಆದರೆ ಜಮೀನು ಬಿಟ್ಟು ಉಳಿದ ಎಂಟು ಕಾಲಮ್ಮಿನಲ್ಲಿ ಅದರ ಹತ್ತಿರ ಸುಳಿಯುವವರಿರಲಿಲ್ಲ. ಅದುರುವ ನೆಲಕ್ಕೆ ರಬ್ಬರು ಕಂಬ ಹಾಕಿ ಸರಿಮಾಡಿಕೊಳ್ಳುತ್ತಾರಂತೆ. ಅದಕ್ಕೆ ಬೇಕಾದ ಹಣ ಅಲ್ಲಿಗೆ ಆಗಲೇ ಬಂದಿತ್ತು. ಫೋನಿನಲ್ಲಿ ಅರ್ಚನ ಇದನ್ನು ಹೇಳುವಾಗ ದನಿ ಸಣ್ಣದಾಗಿತ್ತು. ಆಂಧ್ರದಲ್ಲಿ ಇನ್ನೊಂದು ಸರ್ವೆ ಇದೆ, ಅಲ್ಲಿ ಕೂರಲು ನಿಮ್ಮಂಥವರೇ ಬೇಕು, ನಲವತ್ತು ದಿನ, ಬರುತ್ತೀರಾ ಎಂದು ಕೇಳಿದಳು.

"ಎಷ್ಟು ಜನ ಇರ್ತೀವಮ್ಮ?"

"ನೀವೊಬ್ಬರೇ ಅಕ್ಕ."

"ಬೇಡಮ್ಮ" ಎಂದಳು ಸೆಲ್ವಿ. "ಇನ್ನು ನನ್ನ ಕೈಲಿ ಆಗಲ್ಲ."

ನೋಟ್‌ಬುಕ್ಕಿನ ಸಂಗತಿ ಊರಿಗೆಲ್ಲ ಗೊತ್ತಾಗಿತ್ತು. ನಲ್ಲಿಯ ಹತ್ತಿರ ಹೆಂಗಸರು ಅವಳ ಕೊಡಕ್ಕೆ ಜಾಗ ಬಿಡುತ್ತಿದ್ದರು, ಮಾತು ಆಡುತ್ತಿರಲಿಲ್ಲ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಒಂದು ಉತ್ತರ ಕೊಡಬಹುದಿತ್ತು. ನರೇಶ್ ಎದುರಿಗೆ ಸಿಕ್ಕರೆ ಫೋನ್ ಕಿವಿಗಿಟ್ಟುಕೊಂಡು ದಾಟಿಹೋಗುತ್ತಿದ್ದ.

ದೀಪಾವಳಿಯ ಹಿಂದಿನ ವಾರ ಸೆಲ್ವಿ ಬಂಗಾರಪೇಟೆಯ ಒಂದು ಪಾನಿಪುರಿ ಅಂಗಡಿಗೆ ಕೆಲಸಕ್ಕೆ ಸೇರಿದಳು. ಮಧ್ಯಾಹ್ನ ಮೂರರಿಂದ ಎಂಟರವರೆಗೆ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ತಟ್ಟೆಗಳ ಸದ್ದು, ಆಟೋಗಳ ಹಾರ್ನು, ಖಾರ ನೆತ್ತಿಗೇರಿ ಕೆಮ್ಮುವ ಕಾಲೇಜು ಹುಡುಗಿಯರು, ಮೂರು ಭಾಷೆಯಲ್ಲಿ ಕೂಗಿ ಕೇಳುವ ಗಿರಾಕಿಗಳು. ಅವಳು ಬೇಕಂತಲೇ ಗಲ್ಲಾಪೆಟ್ಟಿಗೆಯ ಪಕ್ಕ, ಎಲ್ಲಕ್ಕಿಂತ ಗದ್ದಲದ ಜಾಗ ಹಿಡಿದುಕೊಂಡಳು.

ಒಂದು ಸಂಜೆ ನರೇಶ್ ಹೆಂಡತಿಯ ಜೊತೆ ಬಂದ. ಸೆಲ್ವಿಯನ್ನು ಕಂಡು ಒಂದು ಗಳಿಗೆ ತಡೆದ, ಆದರೆ ಹೆಂಡತಿ ಆಗಲೇ ತಟ್ಟೆ ಹಿಡಿದಾಗಿತ್ತು. ಸೆಲ್ವಿ ಪುರಿಯ ಮೇಲೆ ಈರುಳ್ಳಿ ಉದುರಿಸಿ, ಬಣ್ಣವಿಲ್ಲದ ಖಾರದ ತಿಳಿನೀರು ಹಾಕಿ ಕೊಟ್ಟಳು. ಅವನು ತಲೆಯೆತ್ತದೆ ತಿಂದ.

"ಇನ್ನೊಂದ್ ಸ್ವಲ್ಪ ನೀರು ಆಕಿ" ಎಂದ, ಕೊನೆಗೆ. ಅಕ್ಕಾ ಎನ್ನಲಿಲ್ಲ.

ಅವಳು ಹಾಕಿದಳು. ಅವನು ಕುಡಿದು, ತಟ್ಟೆಯನ್ನು ಡಬ್ಬದಲ್ಲಿಟ್ಟು, ಹೆಂಡತಿಯ ಹಿಂದೆ ಗುಂಪಿನಲ್ಲಿ ಸೇರಿಹೋದ. ಹಿಂದಿನಿಂದ ಯಾರೋ ತಮಿಳಿನಲ್ಲಿ ಎರಡು ಪ್ಲೇಟು ಕೂಗಿದರು. "ಬಂತು, ಬಂತು" ಎಂದು ಸೆಲ್ವಿ, ಆ ಗದ್ದಲದಲ್ಲಿ ಕೇಳಿಸಲೆಂದು, ದನಿ ಎತ್ತರಿಸಿ ಕೂಗಿದಳು.