ನೇರಳೆ ಹತ್ತಿದ ಕಲ್ಲು

ಯಾರಿಗೂ ಹೇಳದ ಅಳುಕೊಂದು ನನ್ನೊಳಗಿದೆ. ನಾನು ಒಂದು ಕಲ್ಲು ಎಂದು ನೋಡಿದವರೆಲ್ಲ ನಂಬುತ್ತಾರೆ. ಆದರೆ ನಾನು ನಿಜವಾದ ಕಲ್ಲಲ್ಲ. ಮೈಸೂರಿನ ಒಂದು ಮನೆಯ ಹಿತ್ತಿಲಲ್ಲಿ, ಹಿಡಿ ಮುರಿದ ಬಕೆಟ್ಟಿನಲ್ಲಿ, ಬಿಳಿ ಸಿಮೆಂಟು, ಕುಟ್ಟಿದ ಕಪ್ಪೆಚಿಪ್ಪು ಮತ್ತು ಕಲ್ಲುಪ್ಪು ಸೇರಿಸಿ ಕಲಸಿದ ಮುದ್ದೆ ನಾನು. ಗಟ್ಟಿಯಾದ ಮೇಲೆ ನನ್ನನ್ನು ನೀರಿನಲ್ಲಿ ಮುಳುಗಿಸಿದರು. ಉಪ್ಪು ಕರಗಿಹೋಯಿತು. ಅದು ಇದ್ದಲ್ಲೆಲ್ಲ ತೂತು ಉಳಿಯಿತು, ಸಮುದ್ರದ ಕಲ್ಲುಗಳಿಗೆ ಇರುವಂಥದೇ ತೂತು. ಸಮುದ್ರವನ್ನು ಮಾತ್ರ ನಾನು ಈವರೆಗೆ ಕಂಡಿಲ್ಲ. ಯಾರಾದರೂ ಬೆರಳಿಟ್ಟು ಸವರಿ, ಇದು ಬರೀ ಸಿಮೆಂಟು ಎಂದುಬಿಟ್ಟರೆ ಎಂಬ ಭಯ ನನಗೆ ಹುಟ್ಟಿನಿಂದಲೇ ಬಂದದ್ದು.

ನನ್ನನ್ನು ಕಲಸಿದವರು ಶ್ರೀಪತಿ. ಕೈಗಡಿಯಾರ ರಿಪೇರಿ ಅವರ ಕಸುಬು. ಮುಂದಿನ ಕೋಣೆಯಲ್ಲಿ ಗಾಜಿನ ತೊಟ್ಟಿಯಿಟ್ಟು, ಅದರಲ್ಲಿ ಉಪ್ಪುನೀರು ತುಂಬಿ, ಬಿಳಿ ಪಟ್ಟೆಯ ಕಿತ್ತಳೆ ಮೀನುಗಳ ಜೋಡಿಯೊಂದನ್ನು ಸಾಕಿದ್ದರು. ಆದರೆ ಅವರ ಮನಸ್ಸಿದ್ದದ್ದು ಮೀನಿನ ಮೇಲಲ್ಲ, ಒಂದು ಬಗೆಯ ಪಾಚಿಯ ಮೇಲೆ. ಪಾಚಿ ಎಂದರೆ ಹಸಿರು, ಜಾರು ಎಂದು ತಿಳಿದವರು ಅದನ್ನು ಪಾಚಿ ಎಂದು ಒಪ್ಪಲಾರರು. ಕಲ್ಲಿನ ಮೇಲೆ ಕಲ್ಲಾಗಿಯೇ ಕೂರುತ್ತದೆ. ಉಗುರಿನಿಂದ ಕೆರೆದರೂ ಏಳುವುದಿಲ್ಲ. ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ ಅದರದು.

ಆ ಬಣ್ಣ ತಾನಾಗಿ ಬರುವುದಿಲ್ಲ, ಅದು ಇರುವ ಕಲ್ಲಿನಿಂದಲೋ ಚಿಪ್ಪಿನಿಂದಲೋ ಹತ್ತಬೇಕು. ಅದಕ್ಕಾಗಿ ನನ್ನನ್ನು ಗೋಣಿಯಲ್ಲಿ ಸುತ್ತಿ, ಮಂಗಳೂರಿನ ಸೆಲ್ವಿನ್ ಎಂಬ ಗೆಳೆಯರ ತೊಟ್ಟಿಗೆ ಕಳಿಸಿದರು. ಬಸ್ಸಿನ ಡಿಕ್ಕಿಯ ಕತ್ತಲಲ್ಲಿ ಘಟ್ಟ ಇಳಿಯುವಷ್ಟು ಹೊತ್ತೂ, ಇನ್ನು ನನ್ನನ್ನು ಯಾರೂ ವಾಪಸ್ಸು ಕರೆಸಿಕೊಳ್ಳುವುದಿಲ್ಲ ಎಂದೇ ನಡುಗಿದೆ. ಸೆಲ್ವಿನ್ ನೀರಿನ ಪಂಪು ನಿಲ್ಲಿಸಿ, ಹಳೆಯ ಚಿಪ್ಪೊಂದರ ನೇರಳೆಯನ್ನು ಚಾಕುವಿನಿಂದ ಕೆರೆದು, ಆ ಪುಡಿ ನನ್ನ ಮೇಲೆ ಇಳಿದು ಕೂರುವವರೆಗೆ ಬಿಡುತ್ತಿದ್ದರು. ವರ್ಷ ತಿರುಗಿದರೂ ನಾನು ಬೆಳ್ಳಗೇ ಇದ್ದೆ. ಶ್ರೀಪತಿ ಫೋನು ಮಾಡಿ ವಿಚಾರಿಸಿದಾಗಲೆಲ್ಲ ಸೆಲ್ವಿನ್ನರದು ಒಂದೇ ತಮಾಷೆ.

"ನೇರಳೆ ಪೈಂಟ್ ಹೊಡೀರಿ ಮಾರಾಯ್ರೇ, ನಾಳೆಗೇ ಆಗ್ತದೆ. ಇದು ಬಣ್ಣ ಬರುವಾಗ ನಮಗೆ ಹಲ್ಲಿರುದಿಲ್ಲ."

ಕೊನೆಗೊಮ್ಮೆ ನನ್ನ ಭುಜದ ಮೇಲೆ ಸಾಸಿವೆಯಷ್ಟು ಗುಲಾಬಿ ಚುಕ್ಕೆ ಎದ್ದಿತು. ಪಕ್ಕದಲ್ಲಿ ಇನ್ನೊಂದು. ಒದ್ದೆ ಟವೆಲಿನಲ್ಲಿ ಸುತ್ತಿಸಿಕೊಂಡು ನಾನು ಮೈಸೂರಿಗೆ ಮರಳಿದೆ.

ಆ ಬಣ್ಣಕ್ಕೆ ಬೇಕಾದ ಆಹಾರ ಸುಣ್ಣ. ಶ್ರೀಪತಿ ತಮ್ಮ ಹೆಂಡತಿ ಅಂಬುಜಾರ ಎಲೆಅಡಿಕೆ ತಟ್ಟೆಯಿಂದಲೇ ಕಡಲೆಕಾಳಿನಷ್ಟು ಸುಣ್ಣ ತೆಗೆದು, ಕ್ಯಾನಿನ ನೀರಿನಲ್ಲಿ ಕದಡಿ, ತಳ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಸಣ್ಣ ನಳಿಗೆಯಲ್ಲಿ ಹನಿಹನಿಯಾಗಿ ತೊಟ್ಟಿಗೆ ಬಿಡುತ್ತಿದ್ದರು. ತಳದ ಗಸಿ ಒಂದಿಷ್ಟು ಬಿದ್ದರೂ ನೀರು ಸುಡುತ್ತದೆ ಎಂದು ಅವರಿಗೆ ಹೆದರಿಕೆ. ಅಂಬುಜಾ ಎಲೆ ಮಡಿಸುತ್ತ ಛೇಡಿಸುತ್ತಿದ್ದರು.

"ಸುಣ್ಣ ಹಾಕಿದ್ರೆ ನನ್ನ ಬಾಯಿ ಕೆಂಪಾಗತ್ತೆ, ನಿಮ್ಮ ಕಲ್ಲಿನ ಮೈ ಕೆಂಪಾಗತ್ತೆ. ಒಂದು ಚೂರು ಅಡಿಕೇನೂ ಹಾಕಿ ನೋಡಿ, ಇನ್ನೂ ಬೇಗ ಆದೀತು."

ಆ ಹನಿಗಳನ್ನು ಕಾಯುತ್ತಿದ್ದವಳು ಸುಮೇಧಾ, ಶ್ರೀಪತಿಯವರ ಅಣ್ಣನ ಮಗಳು. ತಾಯಿ ಮೊದಲೇ ಇರಲಿಲ್ಲ. ಚಿಕ್ಕವಳಿದ್ದಾಗ ತಂದೆಯೂ ತೀರಿಕೊಂಡರು. ಚಿಕ್ಕಪ್ಪ, ಚಿಕ್ಕಮ್ಮನೇ ಸಾಕಿದವರು. ಡಿಗ್ರಿ ಮುಗಿಸಿದ್ದರೂ ಬಾಗಿಲು ಬಡಿದರೆ ಒಳಗೆ ಓಡುವ ಹುಡುಗಿ. ನೆಂಟರು ಬಂದರೆ ನನ್ನ ತೊಟ್ಟಿಯ ಹಿಂದಿನ ಮೂಲೆಯೇ ಅವಳ ಜಾಗ. ಗಾಜಿನ ಆಚೆಯಿಂದ ಅವಳ ಕಣ್ಣು ನನಗೆ ತೀರಾ ದೊಡ್ಡದಾಗಿ ಕಾಣುತ್ತಿತ್ತು. ಎರಡು ಹೆದರಿಕೆಗಳು ಮುಖಾಮುಖಿಯಾಗಿ ಕೂತಂತೆ ನಾವಿಬ್ಬರೂ ಕೂತಿರುತ್ತಿದ್ದೆವು. ನೇರಳೆ ನನ್ನ ಬೆನ್ನು ತುಂಬಿತು. ಇನ್ನು ಯಾರೂ ನನ್ನನ್ನು ಸಿಮೆಂಟು ಎನ್ನಲಾರರು ಎಂದು ಮೊದಲ ಬಾರಿಗೆ ನಿರಾಳವಾದೆ.

ನಿರಾಳ ಹೆಚ್ಚು ದಿನ ಉಳಿಯಲಿಲ್ಲ. ಒಂದು ಮಧ್ಯಾಹ್ನ ಶ್ರೀಪತಿಯವರ ಕೈಯಿಂದ ನಳಿಗೆ ಜಾರಿತು. ಅವರು ಎದೆ ಹಿಡಿದುಕೊಂಡು ಕುರ್ಚಿಗೆ ಕುಸಿದರು. ಬಾಗಿಲುಗಳು ಬಡಿದುಕೊಂಡವು, ಆಟೋ ಬಂತು, ಮನೆ ಖಾಲಿಯಾಯಿತು. ನೀರಿನೊಳಗೆ ನಾನು ಪಂಪಿನ ಗೊರಗೊರ ಒಂದನ್ನೇ ಕೇಳುತ್ತ ಕೂತೆ. ಅದೂ ನಿಂತರೆ?

ಎದೆಯ ಆಪರೇಷನ್ ಆಯಿತೆಂದೂ, ಮನಸ್ಸಿಗೆ ಸಣ್ಣ ಪೆಟ್ಟೂ ತಾಗಬಾರದೆಂದು ಡಾಕ್ಟರು ಹೇಳಿದ್ದಾರೆಂದೂ ಮನೆಯವರ ಮಾತಿನಿಂದ ತಿಳಿಯಿತು. ಚಿಕ್ಕಪ್ಪನ ಪಾಲಿನ ಹನಿಗೆಲಸ ಸುಮೇಧಾಳಿಗೆ ಬಂತು. ಅವಳು ಗಸಿ ಕದಡದಂತೆ ಉಸಿರು ಹಿಡಿದೇ ಮಾಡುತ್ತಿದ್ದಳು. ಊಟದ ಕ್ಯಾರಿಯರ್ ಹಿಡಿದು ಅವಳು ಆಸ್ಪತ್ರೆಗೆ ಹೋಗಿದ್ದ ಒಂದು ದಿನ, ಅಂಬುಜಾ ಎಲೆ ತಟ್ಟೆ ಹಿಡಿದು ತೊಟ್ಟಿಯ ಮುಂದೆ ನಿಂತರು.

"ಅವರಿಲ್ದೆ ನಿನಗೂ ಸೊರಗಿದ ಹಾಗಾಗಿದೆಯಲ್ಲೋ," ಎಂದರು ನನಗೆ. ನನ್ನನ್ನು ಅವರು ಮಾತಾಡಿಸಿದ್ದು ಅದೇ ಮೊದಲು.

ಆಮೇಲೆ ಸೆರಗು ಸಿಕ್ಕಿಸಿ, ಬಳೆ ಮೇಲೇರಿಸಿ, ಡಬ್ಬಿಯ ಸುಣ್ಣವನ್ನೆಲ್ಲ ಬೆರಳಲ್ಲಿ ತೋಡಿ, ಎಲೆಗೆ ಹಚ್ಚುವ ಹಾಗೆ ನೀಟಾಗಿ ನನ್ನ ಮೈಗೆ ಬಳಿದರು. ಗಂಡ ಹುಷಾರಾಗಿ ಬರುವಷ್ಟರಲ್ಲಿ ಕಲ್ಲು ಪೂರ್ತಿ ಕೆಂಪಾಗಿರಲಿ ಎಂಬ ಆಸೆ. ಆ ಬೆರಳಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ನನ್ನ ಮೈ ಉರಿಯಿತು. ನೀರು ಹಾಲಿನಂತೆ ಬೆಳ್ಳಗಾಯಿತು. ಆ ಬಿಳುಪಿನಲ್ಲಿ ಮೀನುಗಳು ಮೇಲಕ್ಕೆ ಹಾರುವುದು, ನನಗೆ ಬಡಿಯುವುದು, ಮತ್ತೆ ಹಾರುವುದು ಗೊತ್ತಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಬಡಿತ ನಿಂತಿತು. ಅಂಬುಜಾ ಆಗಲೇ ಅಡುಗೆಮನೆಯಲ್ಲಿದ್ದರು.

ಸುಮೇಧಾ ಬಂದವಳು ಕೂಗಲಿಲ್ಲ. ಮೀನುಗಳನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂಳಿ, ನೀರು ಬದಲಿಸಿ, ನನ್ನನ್ನು ಉಪ್ಪುನೀರಿನಲ್ಲಿ ತೊಳೆದಳು. ಸುಣ್ಣ ಹೋಯಿತು. ಕೆಳಗಿನ ನೇರಳೆ ಮಾತ್ರ ಬೂದಿಯಾಗಿ, ಆಮೇಲೆ ಮೂಳೆಯಂತೆ ಬೆಳ್ಳಗಾಯಿತು. ಅಂಬುಜಾ ಬಾಗಿಲಲ್ಲಿ ನಿಂತು, ತಾವು ಹಾಕಿದ ಸುಣ್ಣದಿಂದ ಹೀಗಾಯಿತೇ ಎಂದು ಸಣ್ಣ ದನಿಯಲ್ಲಿ ಕೇಳಿದರು. ಇಲ್ಲ, ಕರೆಂಟು ಹೋಗಿ ಪಂಪು ನಿಂತಿತ್ತು, ಅದಕ್ಕೇ ಎಂದಳು ಸುಮೇಧಾ. ಚಿಕ್ಕಮ್ಮ ಅದನ್ನು ನಂಬಿದರು. ಅಥವಾ ನಂಬಬೇಕಾಗಿತ್ತು.

ಅಂದಿನಿಂದ ಸಂಜೆಯ ಫೋನು ಎಂದರೆ ನಮಗಿಬ್ಬರಿಗೂ ನಡುಕ. ಕಲ್ಲು ಹೇಗಿದೆ ಎಂದು ಶ್ರೀಪತಿ ಆಸ್ಪತ್ರೆಯಿಂದ ಕೇಳುತ್ತಿದ್ದರು. "ಚೆನ್ನಾಗಿದೆ, ಚಿಕ್ಕಪ್ಪ," ಎಂದು ಅವಳು ನನ್ನ ಬಿಳಿ ಮೈ ನೋಡುತ್ತಲೇ ಹೇಳುತ್ತಿದ್ದಳು. ವಿಡಿಯೋದಲ್ಲಿ ತೋರಿಸು ಎಂದರೆ ತೊಟ್ಟಿಯ ಲೈಟು ಕೆಟ್ಟಿದೆ ಎನ್ನುವಳು. ಆಸ್ಪತ್ರೆಯಿಂದ ಅವರು ಬಂದು ನನ್ನನ್ನು ನೋಡಿದ ಗಳಿಗೆಯಲ್ಲೇ ಅವರ ಎದೆ ನಿಂತುಬಿಟ್ಟರೆ? ಒಂದು ಕಲ್ಲು ಮನುಷ್ಯನನ್ನು ಕೊಲ್ಲಬಲ್ಲದು, ಎಸೆಯದೆಯೂ. ಮೀನಿಲ್ಲದ ನೀರಿನಲ್ಲಿ ಕೂತು ನಾನು ಕಲಿತ ಪಾಠ ಅದು. ಬಣ್ಣ ಹತ್ತಲು ವರ್ಷಗಳು ಬೇಕು, ಹೋಗಲು ಒಂದು ಎಲೆಅಡಿಕೆ ಮೆಲ್ಲುವಷ್ಟು ಹೊತ್ತು ಸಾಕು. ನನಗೆ ಮುಪ್ಪು ಬಂದದ್ದು ಆ ಹೊತ್ತಿನಲ್ಲಿ.

ಅವರು ಬಂದರು. ತುಂಬ ಸಣ್ಣಗಾಗಿದ್ದರು. ಒಳಗೆ ಮಲಗಿ ಎಂದು ಅಂಬುಜಾ ಅಂದರೂ ಕೇಳದೆ ತೊಟ್ಟಿಯ ಮುಂದೆ ಕುರ್ಚಿ ಹಾಕಿಸಿಕೊಂಡರು. ತೊಟ್ಟಿಯ ಮೇಲೆ ಹೊದಿಸಿದ್ದ ಬೆಡ್‌ಶೀಟನ್ನು ಸುಮೇಧಾ ತೆಗೆಯಲಿಲ್ಲ, ಅವರೇ ಎಳೆದರು. ನಾನು ಅವರ ಎದೆಯ ಕಡೆಗೇ ನೋಡುತ್ತಿದ್ದೆ. ಅಂಗಿಯ ಗುಂಡಿಗಳ ನಡುವೆ ಹೊಲಿಗೆಯ ಗೆರೆ ಕಾಣುತ್ತಿತ್ತು. ಅದು ಏರಿತು, ಇಳಿಯಿತು, ಮತ್ತೆ ಏರಿತು.

ಅವರು ನಿಧಾನವಾಗಿ ಕೈ ಇಳಿಬಿಟ್ಟು ನನ್ನನ್ನು ಮಗುಚಿ, ಅಡಿಭಾಗವನ್ನು ಬಹಳ ಹೊತ್ತು ನೋಡಿದರು. ಅಲ್ಲಿ ನೇರಳೆ ಉಳಿದಿದೆಯೋ ಇಲ್ಲವೋ ನನಗೆ ತಿಳಿಯದು; ನನ್ನ ಹೊಟ್ಟೆಯನ್ನು ನಾನು ಕಾಣಲಾರೆ. ಅವರೂ ಹೇಳಲಿಲ್ಲ.

"ಗಸಿ ಸುಣ್ಣ ಬಿದ್ದಿದೆ," ಎಂದರು.

ಅಂಬುಜಾ ಸುಮೇಧಾಳ ಕಡೆ ತಿರುಗಿದರು. "ಕರೆಂಟ್ ಹೋಗಿತ್ತು ಅಂದ್ಯಲ್ಲೇ..." ಎನ್ನುತ್ತಲೇ ಅವರ ಕೈ ಬಾಯಿಗೆ ಹೋಯಿತು.

"ಇರ್ಲಿ ಬಿಡು, ಅಂಬುಜಾ. ಕಲ್ಲು ಇನ್ನೊಂದು ಕಲಸ್ಬೋದು." ಶ್ರೀಪತಿ ಹುಡುಗಿಯನ್ನು ನೋಡಿದರು. "ದಿನಾ ಚೆನ್ನಾಗಿದೆ, ಚೆನ್ನಾಗಿದೆ ಅಂತಿದ್ಯಲ್ಲ ಪುಟ್ಟಿ. ಯಾಕೆ?"

ಅವಳು ನೆಲ ನೋಡಿದಳು. ಒಳಗೆ ಓಡುತ್ತಾಳೆ ಎಂದುಕೊಂಡೆ. ಓಡಲಿಲ್ಲ.

"ಅಪ್ಪ ಆಸ್ಪತ್ರೇಲಿದ್ದಾಗ ನೀವೂ ನನಗೆ ಅದನ್ನೇ ಹೇಳ್ತಿದ್ರಿ," ಎಂದಳು. "ಚೆನ್ನಾಗಿದ್ದಾರೆ ಅಂತ. ಅದಕ್ಕೇ ಆಸ್ಪತ್ರೆಯವರು ನೀವು ಚೆನ್ನಾಗಿದ್ದೀರಿ ಅಂದಾಗಲೆಲ್ಲ ನನಗೆ... ನೀವು ಸತ್ತು..."

"ಬಿಡ್ತು ಅನ್ನೇ," ಎಂದರು ಅಂಬುಜಾ ಗಾಬರಿಯಿಂದ. "ಬಾಯಲ್ಲಿ ಅಂಥ ಮಾತು ಆಡಬಾರದು, ಬಿಡ್ತು ಅನ್ನು."

"ಅನ್ನಲ್ಲ, ಚಿಕ್ಕಮ್ಮ." ಅವಳ ದನಿ ಅಷ್ಟು ಸ್ಪಷ್ಟವಾಗಿ ಗಾಜು ದಾಟಿ ನನಗೆ ಎಂದೂ ಕೇಳಿಸಿರಲಿಲ್ಲ. "ನೀವು ಸತ್ತುಹೋಗ್ತೀರಿ ಅಂತ ನನಗೆ ಭಯ, ಚಿಕ್ಕಪ್ಪ. ಈಗಲೂ, ಹೀಗೆ ಎದುರಿಗೆ ಕೂತಿದ್ರೂ ಭಯ."