ಮನೆಗಾಡಿಯ ಅರ್ಥ್ ತಂತಿ

"ಇನ್ನು ಮೇಲೆ ನಿನ್ನ ವೈರಿಂಗಿಗೆ ನಾನು ಕೈ ಹಾಕಿದ್ರೆ ಕೇಳು" ಎಂದು ಅವನು ಅಣ್ಣನಿಗೆ ಮಾತು ಕೊಟ್ಟು ಎಷ್ಟೋ ವರ್ಷಗಳಾಗಿದ್ದವು. ಇಬ್ಬರದೂ ವೈರಿಂಗ್ ಕಸುಬೇ. ಅಣ್ಣ ಮುಗಿಸಿಟ್ಟಿದ್ದ ಬೋರ್ಡನ್ನು ಒಮ್ಮೆ ಇವನು ಗಿರಾಕಿಯ ಎದುರೇ ಬಿಚ್ಚಿ ತಿದ್ದಿಬಿಟ್ಟಿದ್ದ. ಅಣ್ಣ ಬೈಯಲಿಲ್ಲ, ಊಟ ಬಿಟ್ಟು ಕೂತ. ಕೊನೆಗೆ ಇವನೇ ಸೋತು, ಅಣ್ಣನ ಕೈ ಮುಟ್ಟಿ ಆಣೆಯಿಟ್ಟ. ಅಣ್ಣ ಇರುವವರೆಗೂ ಆ ಮಾತಿಗೆ ತಪ್ಪಲಿಲ್ಲ.

ಈಗ ಅಣ್ಣ ಇಲ್ಲ. ಅವನು ಅರ್ಧಕ್ಕೆ ಬಿಟ್ಟುಹೋದ ಮನೆಗಾಡಿ ಶೆಡ್ಡಿನಲ್ಲಿ ನಿಂತಿತ್ತು. ಹಳೆಯ ವ್ಯಾನು, ಒಳಗೆ ಹಾಸಿಗೆ, ಒಲೆ, ಪುಟ್ಟದೊಂದು ಫ್ರಿಡ್ಜು. ರಜೆಯಲ್ಲಿ ಮಗಳನ್ನು ಕೂರಿಸಿಕೊಂಡು ಅದರಲ್ಲೇ ಹೊರಡಬೇಕೆಂದು ಅತ್ತಿಗೆ ಪಟ್ಟು ಹಿಡಿದಿದ್ದಳು.

"ಇನ್ವರ್ಟರ್ ಕೂರಿಸು, ಬ್ರೇಕರ್ ಬೋರ್ಡಿಗೆ ಕರೆಂಟ್ ಕೊಡು. ಅವರು ಮಾಡಿಟ್ಟಿರೋದನ್ನ ಮಾತ್ರ ಕೀಳಬೇಡ ಕಣೋ."

"ಕೀಳ್ತೀನಾ ಅತ್ತಿಗೆ? ಅಣ್ಣ ಎದ್ದು ಬಂದು ಕಪಾಳಕ್ಕೆ ಬಿಟ್ಟಾನು."

ಅತ್ತಿಗೆ ನಗಲಿಲ್ಲ.

ಬ್ಯಾಟರಿಯಿಂದ ದಪ್ಪ ಕೇಬಲ್ ಎಳೆದು, ನಡುವೆ ಫ್ಯೂಸ್ ಹಾಕಿ, ಇನ್ವರ್ಟರನ್ನು ಗೋಡೆಗೆ ಬಿಗಿದ. ಅದರಿಂದ ಹೊರಟ ತಂತಿಗಳನ್ನು ಬೋರ್ಡಿನಲ್ಲಿ ಅಣ್ಣ ಖಾಲಿ ಬಿಟ್ಟಿದ್ದ ಜಾಗಕ್ಕೆ ಸೇರಿಸಿದ. ಅಣ್ಣನ ಒಂದು ತಿರುಪನ್ನೂ ಅಲ್ಲಾಡಿಸಲಿಲ್ಲ. ಸ್ವಿಚ್ ಒತ್ತಿದೊಡನೆ ಫ್ರಿಡ್ಜು ಗುಂಯ್ ಎಂದಿತು.

ಹೊರಗೆ ಅಣ್ಣನ ಮಗಳು ಬರಿಗಾಲಲ್ಲಿ ನಿಂತಿದ್ದಳು. ಗಾಡಿಯ ಬಾಗಿಲ ಹಿಡಿಯ ಮೇಲೆ ಕೈ, ಕಣ್ಣು ಮುಚ್ಚಿತ್ತು.

"ಏನೇ ಬುಗುರಿ, ನಿಂತಲ್ಲೇ ನಿದ್ದೇನಾ?" ಕಾಲು ನಿಲ್ಲದ ಹುಡುಗಿಗೆ ಅಪ್ಪನೇ ಇಟ್ಟ ಅಡ್ಡಹೆಸರು ಅದು.

"ಮೆಲ್ಲಗೆ ಮಾತಾಡು ಚಿಕ್ಕಪ್ಪ. ಅಪ್ಪ ಕೈ ಹಿಡ್ಕೊಂಡಿದಾರೆ."

ಅವನು ಇಳಿದು ಬಂದು ಬೆರಳ ಹಿಂಬದಿಯನ್ನು ಗಾಡಿಯ ತಗಡಿಗೆ ತಾಕಿಸಿದ. ಜುಮ್ ಎಂದಿತು. ಅಣ್ಣನ ತಪ್ಪು ತಕ್ಷಣ ಹೊಳೆಯಿತು. ಜೀವಮಾನವೆಲ್ಲ ಮನೆಗಳಿಗೇ ತಂತಿ ಎಳೆದ ಕೈ ಅದು. ಇಲ್ಲೂ ಅರ್ಥ್ ತಂತಿಯನ್ನು ಶೆಡ್ಡಿನ ನೆಲಕ್ಕೆ ಹೊಡೆದ ಸರಳಿಗೆ ಕಟ್ಟಿಬಿಟ್ಟಿತ್ತು, ಗಾಡಿಯ ಮೈಗೆ ಬಿಗಿದಿರಲಿಲ್ಲ. ಫ್ರಿಡ್ಜಿನಿಂದ ಸೋರಿದ ಕರೆಂಟು ತಗಡಿಗಿಳಿದು ಮಗುವಿನ ಮೈಮೂಲಕ ನೆಲ ಸೇರುತ್ತಿತ್ತು. ಇವತ್ತು ಜುಮ್ ಎನ್ನುವುದು ನಾಳೆ ಜೀವ ತೆಗೆಯಬಹುದು.

ಒಳಗೋಡಿ ಬ್ರೇಕರುಗಳನ್ನೆಲ್ಲ ಇಳಿಸಿದ, ಇನ್ವರ್ಟರ್ ಆರಿಸಿದ, ಬ್ಯಾಟರಿಯ ಕೇಬಲನ್ನೂ ಬಿಚ್ಚಿ ಬಿಸಾಕಿದ. ಮೀಟರ್ ಹಿಡಿದು ನೋಡಿದರೆ ಸೊನ್ನೆ.

"ಈಗ ಹೋಯ್ತಲ್ಲ ಕಂದ?"

"ಜುಮ್ ಅನ್ನೋದು ಹೋಯ್ತು. ಈಗ ಗಟ್ಟಿಯಾಗಿ ಹಿಡ್ಕೊಂಡಿದಾರೆ." ಮಗುವಿನ ದನಿ ಸಣ್ಣಗಾಯಿತು. "ಚಿಕ್ಕಪ್ಪ, ನೋಯ್ತಿದೆ."

ಬೆರಳುಗಳು ರಕ್ತವಿಲ್ಲದೆ ಬಿಳಿಚಿದ್ದವು. ಅವನು ಎಳೆದ, ಬರಲಿಲ್ಲ. ಓಡಿ ಬಂದ ಅತ್ತಿಗೆ ಎಳೆದಳು, ಬರಲಿಲ್ಲ. ಮಗುವಿನ ಕೈ ಮೇಲೆ ಕೈಯಿಟ್ಟರೆ ಅಲ್ಲಿ ಆಗಲೇ ಇನ್ನೊಂದು ಕೈ ಇದ್ದಂತಿತ್ತು. ಕಣ್ಣಿಗೆ ಕಾಣದ್ದು, ಜಡ್ಡುಗಟ್ಟಿದ್ದು.

ತಂತಿಯ ಆ ತಪ್ಪು ತಿದ್ದದೆ ಈ ಹಿಡಿತ ಬಿಡದು ಎನಿಸಿ ಅವನು ಬೋರ್ಡಿನ ಮುಂದೆ ಹೋಗಿ ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಹಚ್ಚಿದ. ಇಳಿಸಿದ್ದ ಬ್ರೇಕರುಗಳು ಟಕ್, ಟಕ್ ಎಂದು ಒಂದರ ಹಿಂದೆ ಒಂದು ತಾವೇ ಮೇಲೆದ್ದವು.

"ಸಿಟ್ಟಿದ್ರೆ ನನ್ನ ಮೇಲಿರಲಿ ಅಣ್ಣ," ಎಂದ ಮೆಲ್ಲಗೆ. "ಮಗು ಉಳೀಬೇಕು."

ಅಣ್ಣ ಬಿಗಿದಿದ್ದ ತಿರುಪುಗಳನ್ನು ಬಿಚ್ಚಿದ. ಸರಳಿಗೆ ಹೋಗಿದ್ದ ಅರ್ಥ್ ತಂತಿಯನ್ನು ಕಿತ್ತು, ಹೊಸ ತಂತಿ ಎಳೆದು ಗಾಡಿಯ ಕಬ್ಬಿಣದ ಚೌಕಟ್ಟಿಗೆ ಬೋಲ್ಟು ಹಾಕಿ ಬಿಗಿದ. ಬೋಲ್ಟು ಕಚ್ಚಿಕೊಂಡಿತು. ಹೊರಗೆ ಮಗುವಿನ ಕೈ ಕಳಚಿ ಬಿತ್ತು.

ಅವಳು ಅಂಗೈ ನೋಡಿಕೊಂಡಳು. ಮತ್ತೆ ಹಿಡಿಯನ್ನು ಮುಟ್ಟಿದಳು, ಸವರಿದಳು.

"ಅಪ್ಪ ಬಿಟ್ಟುಬಿಟ್ರು," ಎಂದಳು.

ಅತ್ತಿಗೆ ಮಗಳನ್ನು ಅವಚಿಕೊಂಡು ಅವನ ಕಡೆ ನೋಡಿದಳು. "ಕೀಳಬೇಡ ಅಂದಿದ್ದೆ."

ಅವನು ಕಿತ್ತಿದ್ದ ಹಳೆಯ ತಂತಿಯನ್ನು ಸುತ್ತತೊಡಗಿದ. ಅಣ್ಣನಿಗೆ ಕೊಟ್ಟ ಮಾತನ್ನು ಮುರಿದಿದ್ದ.