ಪರೀಕ್ಷೆಯಿಲ್ಲದ ಪುಸ್ತಕ

ರೋಬಾಯಿ ಕಾರ್ಡು ಹಿಡಿದು ಬಾಗಿಲಲ್ಲಿ ನಿಂತಾಗ ಸೊಸೆ ನೆಲಿಮಾ ನಿನ್ನೆ ಓದಿದ ಪುಟವನ್ನೇ ಮತ್ತೆ ಓದುತ್ತಿದ್ದಳು. ಪರೀಕ್ಷೆಗೆ ಕೂರುವವರಿಗೆ ಎಲ್ಲರೂ ಕೊಡುವ ಶುಭಾಶಯದ ಕಾರ್ಡು ಅದು. ಮೇಲೆ ಕೆಂಪು ಗುಲಾಬಿ, ಒಳಗೆ ಚರ್ಚಿನ ಹೆಂಗಸರ ಸಹಿ. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದ್ದರು.

"ಕಣ್ಣಿಗೆ ಕಾಣೋ ಹಾಗೆ ಇಟ್ಕೋ," ಎಂದಳು ಅತ್ತೆ. "ನಿನ್ನ ಹೆಸರು ಹೇಳಿ ಪ್ರಾರ್ಥನೆ ನಡೀತಿದೆ."

ಪರೀಕ್ಷೆಯಿದೆ ಎಂದು ನೆಲಿಮಾ ಯಾರಿಗೂ ಹೇಳಿರಲಿಲ್ಲ. ಗಂಡ ಮಕೋಖಾ ತೀರಿಕೊಂಡ ಮೇಲೆ ಅವಳು ಶಾಲೆಯಿಂದ ಬಂದವಳೇ ಗೋಡೆ ನೋಡುತ್ತ ಕೂತುಬಿಡುತ್ತಿದ್ದಳು. ಜೊತೆಯ ಟೀಚರ್ ಅದಿಯಾಂಬೊ ಒಂದು ಕಾದಂಬರಿ ಕೈಗಿಟ್ಟು, ದಿನಾ ಸಂಜೆ ಸ್ವಲ್ಪ ಓದು, ಯಾವುದಕ್ಕೂ ಅಲ್ಲ, ಸುಮ್ಮನೆ ಓದು ಅಂದಿದ್ದಳು. ಕಿಮಿಲಿಲಿ ಊರಿನ ಈ ಕಡೆ ದೊಡ್ಡವರು ಪುಸ್ತಕ ಹಿಡಿದರೆ ಒಂದೋ ಅದು ಬೈಬಲ್ಲು, ಇಲ್ಲವೇ ಪರೀಕ್ಷೆ. ಬಡ್ತಿಯ ಪರೀಕ್ಷೆಗೇ ಇರಬೇಕೆಂದು ರೋಬಾಯಿ ತಾನೇ ತೀರ್ಮಾನಿಸಿ, ಸಂಜೆ ನೀರು ತರುವುದನ್ನೂ ಹಾಲು ಕರೆಯುವುದನ್ನೂ ವಹಿಸಿಕೊಂಡಳು. ಸಮಾಧಾನ ಹೇಳಲು ಬಂದವರನ್ನು ಅಂಗಳದಿಂದಲೇ ಸಾಗಹಾಕಿದಳು. ನಿಜ ಹೇಳಿ, ಯಾರೂ ತನ್ನನ್ನು ಕರೆಯದ ಆ ಒಂದು ಹೊತ್ತನ್ನು ಕಳೆದುಕೊಳ್ಳಲು ನೆಲಿಮಾಗೆ ಮನಸ್ಸಾಗಲಿಲ್ಲ. ಅಂಗಳದ ಅಂಚಿನಲ್ಲಿ ಮಕೋಖಾನ ಗೋರಿಯ ಮಣ್ಣು ಇನ್ನೂ ಕೂತಿರಲಿಲ್ಲ. ಸೊಸೆ ಕಥೆ ಓದುತ್ತಾಳೆ ಅಂದರೆ ಜನ ಏನಂದಾರು?

ಓದಾದರೂ ಆಗುತ್ತಿತ್ತೇ? ಕಣ್ಣು ಸಾಲಿನ ಮೇಲೆ ಹೋಗುತ್ತಿತ್ತು, ಒಳಗೆ ಏನೂ ಇಳಿಯುತ್ತಿರಲಿಲ್ಲ. ಬಾಲ್ಯದಿಂದ ಡಿಗ್ರಿಯವರೆಗೆ ಪರೀಕ್ಷೆಗೆಂದೇ ಓದಿದ ಕೈ ತಾನಾಗಿ ಪೆನ್ಸಿಲ್ ಹಿಡಿಯುತ್ತಿತ್ತು. ಒಂದು ಪುಟದ ಬದಿಯಲ್ಲಿ 'ಕಾರಣಗಳು' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಳು. ಯಾವುದರ ಕಾರಣಗಳೋ ಅವಳಿಗೇ ತಿಳಿಯದು.

ಈಗ ಆ ಹೆಬ್ಬೆಟ್ಟುಗಳನ್ನು ನೋಡಿ ಅವಳು ಕಾರ್ಡನ್ನು ಮಡಿಚಿ ಕೆಳಗಿಟ್ಟಳು.

"ಅಮ್ಮ, ಯಾವ ಪರೀಕ್ಷೇನೂ ಇಲ್ಲ. ಇದು ಬರೀ ಕಥೆ ಪುಸ್ತಕ."

ರೋಬಾಯಿ ಚಾಪೆಯ ಮೇಲೆ ಕೂತು, ಸೊಪ್ಪಿನ ಬುಟ್ಟಿ ಎಳೆದುಕೊಂಡಳು. ಒಂದೆರಡು ಕಡ್ಡಿ ಬಿಡಿಸಿದ ಮೇಲೆ ಕೇಳಿದಳು: "ಓದಿದ್ರೆ ಖುಷಿಯಾಗ್ತದಾ?"

"ಇಲ್ಲ."

"ಮತ್ಯಾಕೆ ಓದ್ತೀಯಾ?"

"ಗೊತ್ತಿಲ್ಲ."

"ಪರೀಕ್ಷೇನೂ ಇಲ್ಲ, ಖುಷೀನೂ ಇಲ್ಲ. ಹಸುನಾದ್ರೂ ಕರೀಬಹುದಿತ್ತಲ್ಲೇ."

ನೆಲಿಮಾ ಪುಸ್ತಕ ಮುಚ್ಚಿದಳು. ಹಗುರಾಯಿತೋ ನಾಚಿಕೆಯಾಯಿತೋ ಅವಳಿಗೇ ಗೊತ್ತಾಗಲಿಲ್ಲ. ನಾಳೆಯಿಂದ ಈ ಹೊತ್ತು ತನ್ನದಲ್ಲ ಎಂಬುದಷ್ಟೇ ಗೊತ್ತಾಯಿತು.

ಅಷ್ಟರಲ್ಲಿ ಅತ್ತೆ, ತಲೆಯೆತ್ತದೆ, ಅದರಲ್ಲಿ ಅಂಥಾದ್ದು ಏನಿದೆ ಎಂದು ಕೇಳಿದಳು. ಒಬ್ಬ ಹೆಂಗಸು ಹೊಲಿಗೆ ಮಶೀನು ಹೊತ್ತು ಸರೋವರ ದಾಟಲು ಹೊರಟಿದ್ದಾಳೆ ಎಂದಳು ನೆಲಿಮಾ.

"ಅಷ್ಟು ಭಾರದ್ದು ಯಾಕೆ ಹೊತ್ಕೊಂಡು ಹೋಗ್ತಾಳೆ?"

ನೆಲಿಮಾಗೆ ತಿಳಿಯಲಿಲ್ಲ. ಆ ಪುಟ ದಾಟಿ ಎಷ್ಟೋ ದಿನವಾಗಿತ್ತು. ಹಿಂದಕ್ಕೆ ತಿರುಗಿಸಿ, ಇಂಗ್ಲಿಷನ್ನು ಮನೆಯ ಬುಕುಸು ಮಾತಿಗೆ ತರುತ್ತ, ತಡವರಿಸುತ್ತ ಓದತೊಡಗಿದಳು. ದೋಣಿಯವನು ಮಶೀನು ಬಿಟ್ಟು ಹತ್ತು ಎನ್ನುತ್ತಾನೆ. ಹೆಂಗಸು ಅದನ್ನು ತಲೆಯ ಮೇಲಿಟ್ಟು ನೀರಿನಲ್ಲೇ ನಿಲ್ಲುತ್ತಾಳೆ.

"ಮಂಡಿಯವರೆಗೋ, ಸೊಂಟದವರೆಗೋ?"

"ಬರೆದಿಲ್ಲ ಅಮ್ಮ."

"ಸೊಂಟದವರೆಗೇ. ಮಂಡಿ ಮಟ್ಟ ಆದ್ರೆ ತಲೆ ಮೇಲೆ ಯಾಕೆ ಇಟ್ಕೋತಾಳೆ?" ಅವಳ ಕೈಯ ಸೊಪ್ಪು ಹಾಗೇ ಇತ್ತು. "ಆಮೇಲೆ?"

ಆ ಪುಟ ಮುಗಿಯುವಾಗ ಹಸು ಕೂಗಿತು. ಮತ್ತೆ ಕೂಗಿತು. ರೋಬಾಯಿ ಬೈಯುತ್ತ ಎದ್ದು ಚೆಂಬು ತೆಗೆದುಕೊಂಡಳು. ನೆಲಿಮಾ ಏಳಹೋದರೆ ಕೂತ್ಕೋ ಎಂದು ಕೈ ಮಾಡಿದಳು. ಹೊಸ್ತಿಲಲ್ಲಿ ನಿಂತಳು.

"ಚರ್ಚಲ್ಲಿ ಬಾಯಿ ಬಿಡಬೇಡ. ಪ್ರಾರ್ಥನೆ ಶುರುವಾಗ್ಬಿಟ್ಟಿದೆ," ಎಂದಳು. ಮತ್ತೆ, "ನಾನು ಬರೋವರ್ಗೂ ಮುಂದೆ ಓದ್ಬೇಡ."

ಹೊರಗೆ ಹಾಲಿನ ಮೊದಲ ಧಾರೆ ಖಾಲಿ ಚೆಂಬಿಗೆ ಬಿದ್ದ ಸದ್ದಾಯಿತು. ಪೆನ್ಸಿಲ್ ಚಾಪೆಯ ಮೇಲೆ ಉರುಳಿತ್ತು. ನೆಲಿಮಾಳ ಹೆಬ್ಬೆರಳು ಮುಂದಿನ ಪುಟದ ಮೂಲೆಯನ್ನು ಆಗಲೇ ಎತ್ತಿ ಹಿಡಿದಿತ್ತು.